ಅಪ್‌ಡೇಟ್: ಕುಡಿತ ಬಿಟ್ಟ ಮೇಲೆ ಕೆಟ್ಟ ನಿದ್ದೆ

ಕುಡಿತ ಬಿಟ್ಟು ಮೂರು ವಾರವಾದರೂ ನಿದ್ದೆ ಯಾಕೆ ಹತ್ತುವುದಿಲ್ಲ ಎಂದು ಕೇಳಿದ್ದೆ. ತಿಳಿದದ್ದು ಇಷ್ಟು.

ಮದ್ಯ ಗಾಬಾ ಎಂಬ, ಮಿದುಳನ್ನು ಶಾಂತಗೊಳಿಸುವ ರಾಸಾಯನಿಕದ ಪರಿಣಾಮ ಹೆಚ್ಚಿಸುತ್ತದೆ, ಅಂದರೆ ಮಿದುಳಿನ ಬ್ರೇಕ್ ಒತ್ತುತ್ತದೆ. ದಿನಾ ಹಾಗಾದರೆ ಮಿದುಳು ಎಚ್ಚರವಾಗಿಡುವ ರಾಸಾಯನಿಕವಾದ ಗ್ಲುಟಮೇಟನ್ನು ಏರಿಸಿಕೊಳ್ಳುತ್ತದೆ. ಕುಡಿತ ನಿಂತಾಗ ಆ ಏರಿಕೆ ಮಾತ್ರ ಉಳಿಯುತ್ತದೆ. ಮದ್ಯ ಅದುಮಿಟ್ಟಿದ್ದ ಕನಸಿನ ನಿದ್ದೆಯೂ ಬಡ್ಡಿ ಸಮೇತ ಮರಳುತ್ತದೆ. ಕುಡಿದಂತೆ ಕನಸು ಬೀಳುವುದು ಸಾಮಾನ್ಯ, ಗಾಬರಿ ಬೇಡ. ಗಾಢ ನಿದ್ದೆ ಸುಧಾರಿಸಲು ತಿಂಗಳುಗಳೇ ಬೇಕಾಗಬಹುದು.

ಮುಖ್ಯವಾದದ್ದು ಏಳುವ ಹೊತ್ತು: ರಾತ್ರಿ ಎಷ್ಟೇ ಕೆಟ್ಟರೂ ಅದೇ ಸಮಯ. ಸುಮಾರು 20 ನಿಮಿಷ ಹೊರಳಾಡಿದರೆ ಎದ್ದು ಮಂದ ಬೆಳಕಲ್ಲಿ ಕೂತು, ತೂಕಡಿಕೆ ಬಂದಾಗಲೇ ಹಾಸಿಗೆಗೆ. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ಬೇಡವೇ ಬೇಡ. ಹಲವು ಮಾತ್ರೆಗಳು ಅದೇ ಗಾಬಾ ಮೇಲೆ ಕೆಲಸ ಮಾಡುವುದರಿಂದ ಚಟ ಹೆಸರು ಬದಲಿಸಬಹುದು.

ಬಿಟ್ಟ ಮೊದಲ ದಿನಗಳಲ್ಲಿ ಜೋರು ನಡುಕ, ಫಿಟ್ಸ್, ಭ್ರಮೆ ಕಂಡರೆ ತಕ್ಷಣ ಆಸ್ಪತ್ರೆ.