ಆರಂಭದ ಹಂತವೆಂದರೂ ಸ್ತನವನ್ನು ಪೂರ್ತಿ ತೆಗೆಯಬೇಕೆ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ತಾಯಿಯವರಿಗೆ 58 ವರ್ಷ. ಮ್ಯಾಮೊಗ್ರಾಮ್‌ನಲ್ಲಿ ಸುಣ್ಣದಂತಹ ಸಣ್ಣ ಚುಕ್ಕೆಗಳು ಕಂಡದ್ದರಿಂದ ಬಯಾಪ್ಸಿ ಮಾಡಿಸಿದೆವು. ವರದಿಯಲ್ಲಿ 'ಹೈ ಗ್ರೇಡ್ ಡಿಸಿಐಎಸ್, ಜೊತೆಗೆ ಮೈಕ್ರೋಇನ್ವೇಷನ್' ಎಂದಿದೆ, ಅಂದರೆ ಸ್ತನ ಕ್ಯಾನ್ಸರ್‌ನ ಆರಂಭದ ಹಂತವಂತೆ. ಚುಕ್ಕೆಗಳು ಸುಮಾರು 6 ಸೆಂ.ಮೀ.ವರೆಗೆ ಹಬ್ಬಿರುವುದರಿಂದ ಸ್ತನವನ್ನು ಪೂರ್ತಿಯಾಗಿ ತೆಗೆಯುವುದೇ ಒಳ್ಳೆಯದು, ಕಂಕುಳಿನ ಗ್ರಂಥಿಯನ್ನೂ ಪರೀಕ್ಷಿಸಬೇಕು ಎಂದು ಸರ್ಜನ್ ಹೇಳಿದ್ದಾರೆ. ಆರಂಭದ ಹಂತವೆಂದ ಮೇಲೆ ಇಷ್ಟು ದೊಡ್ಡ ಆಪರೇಷನ್ ಏಕೆ ಎಂದು ಅಮ್ಮ ಕೇಳುತ್ತಿದ್ದಾರೆ. ಕೀಮೋ ಕೂಡ ಬೇಕಾಗುತ್ತದೆಯೇ?

ಉತ್ತರ 1 (ನಿವೃತ್ತ ಪೆಥಾಲಜಿಸ್ಟ್):
ನಿಮ್ಮ ವರದಿಯಲ್ಲಿ ಎರಡು ಬೇರೆ ಬೇರೆ ಅಳತೆಗಳಿವೆ, ಗೊಂದಲವಾಗುತ್ತಿರುವುದು ಅಲ್ಲಿಯೇ. ಡಿಸಿಐಎಸ್ ಎಂದರೆ ಕ್ಯಾನ್ಸರ್ ಕೋಶಗಳು ಹಾಲುನಾಳದ ಒಳಗೇ ಉಳಿದಿರುವ ಸ್ಥಿತಿ. ಅವು ನಾಳದ ಗೋಡೆಯನ್ನು ದಾಟಿ ಹೊರಬಂದಿದ್ದು, ಹಾಗೆ ಬಂದ ಭಾಗ 1 ಮಿ.ಮೀ. ಮೀರದಿದ್ದರೆ ಅದು ಮೈಕ್ರೋಇನ್ವೇಷನ್. ಬೇರೆ ಅಂಗಗಳಿಗೆ ಹರಡುವ ಅಪಾಯವನ್ನು ಮುಖ್ಯವಾಗಿ ನಿರ್ಧರಿಸುವುದು ಈ ಚಿಕ್ಕ ಅಳತೆ. ಎಷ್ಟು ಭಾಗ ಕತ್ತರಿಸಬೇಕೆಂಬುದನ್ನು ತೀರ್ಮಾನಿಸುವುದು ಆ 6 ಸೆಂ.ಮೀ. ಹೀಗಾಗಿ ಕಾಯಿಲೆ ಸೌಮ್ಯವಾಗಿದ್ದರೂ ಆಪರೇಷನ್ ದೊಡ್ಡದಾಗಬಹುದು. ಒಂದು ಮಾತನ್ನು ಮಾತ್ರ ನೆನಪಿಡಿ: ಸೂಜಿಯಲ್ಲಿ ತೆಗೆದದ್ದು ತುಣುಕು ಮಾತ್ರ. ಇಡೀ ಭಾಗವನ್ನು ಪರೀಕ್ಷಿಸಿದಾಗ ಇನ್ವೇಷನ್ 1 ಮಿ.ಮೀ.ಗಿಂತ ಹೆಚ್ಚಿದೆಯೆಂದು ತಿಳಿಯುವುದೂ ಉಂಟು.

ಉತ್ತರ 2 (ಮೈಸೂರಿನಿಂದ):
ನನಗೂ ಇದೇ ರೋಗನಿರ್ಣಯವಾಗಿತ್ತು, ಆದರೆ ಹಬ್ಬಿದ್ದ ಜಾಗ ಚಿಕ್ಕದಾಗಿದ್ದರಿಂದ ಸ್ತನವನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು. ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿವೆಯೆಂದು ಎರಡನೆಯ ಬಾರಿ ಕತ್ತರಿಸಿದರು, ಆಮೇಲೆ ಮೂರು ವಾರ ರೇಡಿಯೇಷನ್ ಕೊಟ್ಟರು. ಅದೇ ಸ್ತನದಲ್ಲಿ ಕಾಯಿಲೆ ಮರಳುವ ಸಾಧ್ಯತೆಯನ್ನು ರೇಡಿಯೇಷನ್ ಸುಮಾರು ಅರ್ಧಕ್ಕೆ ಇಳಿಸುತ್ತದೆಯೆಂದು ವೈದ್ಯರು ವಿವರಿಸಿದ್ದರು. ನಿಮ್ಮ ತಾಯಿಯವರಿಗೆ ಸ್ತನ ತೆಗೆದು, ಗ್ರಂಥಿಗಳಲ್ಲಿ ಏನೂ ಇಲ್ಲವೆಂದಾದರೆ ರೇಡಿಯೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮಾನಸಿಕವಾಗಿ ನನ್ನನ್ನು ಹೆಚ್ಚು ದಣಿಸಿದ್ದು ಆ ಎರಡನೆಯ ಆಪರೇಷನ್.

ಉತ್ತರ 3 (ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ವೈದ್ಯರು):
ಕಂಕುಳಿನ ಪರೀಕ್ಷೆಯನ್ನು ದಯವಿಟ್ಟು ಬೇಡವೆನ್ನಬೇಡಿ. ಬಣ್ಣ ಅಥವಾ ವಿಕಿರಣಶೀಲ ದ್ರವವನ್ನು ಸ್ತನಕ್ಕೆ ಚುಚ್ಚಿ, ಅದು ಮೊದಲು ಸೇರುವ ಸೆಂಟಿನಲ್ ಗ್ರಂಥಿಗಳನ್ನು ಗುರುತಿಸಿ ತೆಗೆಯುತ್ತೇವೆ. ಸ್ತನವನ್ನೇ ತೆಗೆದ ಮೇಲೆ ಆ ದಾರಿಯನ್ನು ಹುಡುಕುವುದು ಕಷ್ಟ. ಮೈಕ್ರೋಇನ್ವೇಷನ್ ಇದ್ದವರಲ್ಲಿ ಬಹುಪಾಲು ಮಂದಿಯ ಗ್ರಂಥಿಗಳು ಶುದ್ಧವಾಗಿಯೇ ಇರುತ್ತವೆ, ಹಾಗಿದ್ದಾಗ ಕೀಮೋ ಸಾಮಾನ್ಯವಾಗಿ ಅಗತ್ಯವಿಲ್ಲ. ಇಂತಹ ಕಾಯಿಲೆಯಲ್ಲಿ ಹರ್2 ಪಾಸಿಟಿವ್ (ಕ್ಯಾನ್ಸರ್ ಕೋಶಗಳ ಮೇಲೆ ಹರ್2 ಎಂಬ ಪ್ರೋಟೀನ್ ಹೆಚ್ಚಾಗಿದೆ) ಎಂಬ ಫಲಿತಾಂಶ ಆಗಾಗ ಬರುತ್ತದೆ; ಅದನ್ನು ನೋಡಿ ಗಾಬರಿಯಾಗಬೇಡಿ, ಅಷ್ಟರಿಂದಲೇ ಹರ್2 ವಿರುದ್ಧದ ಔಷಧವಾದ ಟ್ರಾಸ್ಟುಜುಮ್ಯಾಬ್ ಆರಂಭಿಸುವುದಿಲ್ಲ. ಈಆರ್ ಪಾಸಿಟಿವ್ ಆಗಿದ್ದರೆ, ಅಂದರೆ ಕೋಶಗಳಲ್ಲಿ ಈಸ್ಟ್ರೊಜೆನ್ ಹಾರ್ಮೋನನ್ನು ಗ್ರಹಿಸುವ ಗ್ರಾಹಕಗಳಿದ್ದರೆ, ಹಾರ್ಮೋನ್ ಮಾತ್ರೆಯ ಪ್ರಶ್ನೆ ಬರುತ್ತದೆ. ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಲೆಟ್ರೊಜೋಲ್‌ನಂತಹ ಮಾತ್ರೆಯನ್ನು ಐದು ವರ್ಷ ಕೊಡುತ್ತೇವೆ, ಮೂಳೆಯ ಸಾಂದ್ರತೆಯನ್ನು ಗಮನಿಸುತ್ತಿರುತ್ತೇವೆ. ಅಂತಿಮ ವರದಿಯಲ್ಲೂ ಮೈಕ್ರೋಇನ್ವೇಷನ್ ಅಷ್ಟೇ ಎಂದು ಖಚಿತವಾದರೆ, ಮುನ್ನೋಟ ಶುದ್ಧ ಡಿಸಿಐಎಸ್‌ಗೆ ಬಹಳ ಹತ್ತಿರವಾಗಿರುತ್ತದೆ.

ಪ್ರಶ್ನೆ ಕೇಳಿದವರು:
ಎರಡು ಅಳತೆಗಳ ವಿವರಣೆಯನ್ನು ಅಮ್ಮನಿಗೆ ಓದಿ ಹೇಳಿದೆ. ಸೋಮವಾರ ಸರ್ಜನ್ ಅವರನ್ನು ಕಂಡಾಗ ಅದೇ ಆಪರೇಷನ್‌ನಲ್ಲಿ ಸ್ತನದ ಮರುನಿರ್ಮಾಣ ಸಾಧ್ಯವೇ ಎಂದು ತಾವೇ ಕೇಳುವುದಾಗಿ ಹೇಳಿದ್ದಾರೆ.