ಟ್ಯಾಬ್ಲೆಟ್ ವಿಶೇಷಾಂಕ: ಅರ್ಧ ಕಥೆಗೇ ಓದುಗರು ಮುಂದಕ್ಕೆ ಹೋಗುತ್ತಿದ್ದಾರೆ, ಏನು ಮಾಡಲಿ?

ಪುಟಗಾರ:
ನಮ್ಮ ಕನ್ನಡ ಸಂಘದ ದೀಪಾವಳಿ ವಿಶೇಷಾಂಕ ಈ ಸಲ ಟ್ಯಾಬ್ಲೆಟ್‌ನಲ್ಲೂ ಬರುತ್ತಿದೆ. ಪುಟವಿನ್ಯಾಸದ ಹೊಣೆ ನನ್ನದು. ಅಡ್ಡಕ್ಕೆ ಸರಿಸಿದರೆ ಮುಂದಿನ ಲೇಖನ, ಮೇಲಕ್ಕೆ ತಳ್ಳಿದರೆ ಅದೇ ಲೇಖನದ ಉಳಿದ ಭಾಗ. ಸಂಘದ ಹಿರಿಯರೊಬ್ಬರ ಕೈಗೆ ಕೊಟ್ಟೆ. ಕಥೆಯ ಮೊದಲ ಪರದೆ ಓದಿ ಪಕ್ಕಕ್ಕೆ ಸರಿಸಿದರು; ಹೋಳಿಗೆ ಮಾಡುವ ವಿಧಾನ ಬಂತು. ‘ಕಥೆ ಇಷ್ಟೇನಾ? ಆ ಹುಡುಗಿ ಊರಿಗೆ ಬಂದಳೋ ಇಲ್ಲವೋ ಹೇಳಲೇ ಇಲ್ಲ’ ಅಂದರು. ಶುರುವಿನಲ್ಲಿ ‘ಓದುವುದು ಹೇಗೆ’ ಅಂತ ಒಂದು ಪುಟ ಹಾಕಿದರೆ ಸಾಲುತ್ತದಾ?

ಅಚ್ಚುಮನೆ:
ಸಾಲದು. ಆ ಪುಟವನ್ನು ಹೆಚ್ಚಿನವರು ಓದುವುದೇ ಇಲ್ಲ, ಓದಿದವರೂ ಮೂರನೇ ಲೇಖನದ ಹೊತ್ತಿಗೆ ಮರೆತಿರುತ್ತಾರೆ. ವಾರಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದವಳು ನಾನು; ಐಪ್ಯಾಡ್ ಬಂದ 2010ರಿಂದ ಈ ಕೆಲಸದಲ್ಲೇ ಇದ್ದೇನೆ. ಆ ವರ್ಷ ‘ವೈರ್ಡ್’ ಪತ್ರಿಕೆ ಅಡೋಬಿ ಜೊತೆ ಸೇರಿ ತಂದ ಸಂಚಿಕೆಯಲ್ಲೂ ಇದೇ ಅಡ್ಡ-ಉದ್ದದ ಕ್ರಮವಿತ್ತು. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಅವರ ತಂಡ ಅದೇ ವರ್ಷ ಐಪ್ಯಾಡ್ ಆ್ಯಪ್‌ಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸಿದಾಗ ಎದ್ದು ಕಂಡದ್ದೂ ನಿಮ್ಮ ತೊಂದರೆಯೇ: ಎಲ್ಲಿ ಮುಟ್ಟಬೇಕು, ಯಾವ ಕಡೆ ಸರಿಸಬೇಕು ಅನ್ನುವ ಸುಳಿವೇ ಪರದೆಯ ಮೇಲಿರಲಿಲ್ಲ.

ಮುದ್ರಣದಲ್ಲಿ ಕೊನೆಯ ಸಾಲನ್ನು ನೀಟಾಗಿ ಅಂಚಿಗೆ ಕೂರಿಸುತ್ತೇವೆ. ಟ್ಯಾಬ್ಲೆಟ್‌ನಲ್ಲಿ ಹಾಗೆ ಮಾಡಿದರೆ, ತಳದಲ್ಲಿ ಪ್ಯಾರಾ ಪೂರ್ತಿಯಾಗಿ ಕಥೆಯೇ ಮುಗಿದಂತೆ ಕಾಣುತ್ತದೆ. ಕೊನೆಯ ಸಾಲು ಅರ್ಧ ಮುಚ್ಚಿರಲಿ. ‘ಅಕ್ಕ’ ಅನ್ನುವಲ್ಲಿ ತಲೆಕಟ್ಟು ಕಂಡು ಕೆಳಗಿನ ಒತ್ತು ಕಾಣದೆ ಹೋದರೆ ಬೆರಳು ತಾನಾಗಿಯೇ ಮೇಲಕ್ಕೆ ತಳ್ಳುತ್ತದೆ.

ಲೇಖನದ ನಡುವೆ ಅಡ್ಡಕ್ಕೆ ಸರಿಸಿ ನೋಡುವ ಫೋಟೊಗಳಿದ್ದರೆ ದಯವಿಟ್ಟು ತೆಗೆಯಿರಿ. ರಥೋತ್ಸವದ ಎರಡನೇ ಚಿತ್ರ ನೋಡಲು ಹೋದವರು ಮುಂದಿನ ಲೇಖನಕ್ಕೆ ಹೋಗಿ ಬೀಳುತ್ತಾರೆ. ಚಿತ್ರ ಮುಟ್ಟಿದರೆ ಪೂರ್ತಿ ಪರದೆಗೆ ತೆರೆದುಕೊಳ್ಳಲಿ, ಅಲ್ಲಿ ಬೇಕಾದರೆ ಸರಿಸಿಕೊಳ್ಳಲಿ.

ಕಾಫಿಸೀಮೆ:
ಮೇಡಂ ಹೇಳಿದ್ದಕ್ಕೆ ಪರಿವಿಡಿಯನ್ನೂ ಸೇರಿಸುತ್ತೇನೆ. ಅದರ ಬಟನ್ ಎಲ್ಲ ಪರದೆಯಲ್ಲೂ ಒಂದೇ ಮೂಲೆಯಲ್ಲಿರಲಿ. ಪರಿವಿಡಿಗೆ ಹೋಗಿ ವಾಪಸ್ ಬಂದರೆ ಬಿಟ್ಟ ಸಾಲಿಗೇ ಬರಬೇಕು, ಲೇಖನದ ತಲೆಗಲ್ಲ. ಶೀರ್ಷಿಕೆಯ ಅಕ್ಷರಕ್ಕಷ್ಟೇ ಅಲ್ಲ, ಚಿತ್ರ ಸೇರಿದ ಇಡೀ ಪಟ್ಟಿಗೇ ಲಿಂಕ್ ಕೊಡಿ. ಮುಟ್ಟುವ ಜಾಗ ಕನಿಷ್ಠ 44 ಪಾಯಿಂಟ್ ಇರಲಿ ಅನ್ನುತ್ತದೆ ಆಪಲ್, ಆಂಡ್ರಾಯ್ಡ್‌ನಲ್ಲಿ 48 ಡಿಪಿ; ಎರಡೂ ಪರದೆಯ ಅಳತೆಯ ಮಾನಗಳು. ಒತ್ತಕ್ಷರವಿರುವ ಎರಡು ಸಾಲಿನ ಶೀರ್ಷಿಕೆಗೆ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ.

ಪಠ್ಯ ಎಲ್ಲ ಸಾಧನದಲ್ಲೂ ಅಕ್ಷರವಾಗಿಯೇ ಉಳಿಯುವ ಯೂನಿಕೋಡ್‌ನಲ್ಲಿದೆ ತಾನೇ? ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಕಟ್ಟಿ ಪುಟಗಳನ್ನು ಚಿತ್ರವಾಗಿ ಹಾಕಿದರೆ ಹುಡುಕಲೂ ಆಗದು, ಅಕ್ಷರ ದೊಡ್ಡದು ಮಾಡಿಕೊಳ್ಳಲೂ ಆಗದು. ‘ವೈರ್ಡ್’ನ ಆ ಮೊದಲ ಸಂಚಿಕೆ ಪುಟಗಳನ್ನೇ ಚಿತ್ರಗಳಾಗಿ ತುಂಬಿಕೊಂಡು, ವಿಡಿಯೊನೂ ಸೇರಿ ಸುಮಾರು 500 ಎಂಬಿ ತೂಗುತ್ತಿತ್ತು.

ಪುಟಗಾರ:
ಯೂನಿಕೋಡೇ ಸರ್. ಮೇಡಂ, ಓದುಗರೇ ಅಕ್ಷರ ದೊಡ್ಡದು ಮಾಡಿಕೊಂಡರೆ ಕೊನೆಯ ಸಾಲು ಎಲ್ಲಿ ಕಡಿಯುತ್ತದೆ ಅಂತ ಮೊದಲೇ ಹೇಗೆ ಗೊತ್ತಾಗುತ್ತದೆ?

ಅಚ್ಚುಮನೆ:
ಗೊತ್ತಾಗುವುದಿಲ್ಲ. ಅದಕ್ಕೇ ತಳದಲ್ಲಿ ತೆಳುವಾದ ಮಸುಕು ಪಟ್ಟಿಯೊಂದನ್ನು ಇಡಿ. ಅಕ್ಷರದ ಗಾತ್ರ ಎಷ್ಟೇ ಇರಲಿ, ಕೊನೆಯ ಸಾಲು ಅದರಡಿ ಮಾಸಿದಂತೆ ಕಾಣುತ್ತದೆ. ಲೇಖನ ನಿಜವಾಗಿ ಮುಗಿದಾಗ ಮಾತ್ರ ಪಟ್ಟಿ ಹೋಗಿ, ಮುಂದಿನ ಲೇಖನದ ಹೆಸರೂ ಬಲಕ್ಕೆ ಬಾಣವೂ ಬರಲಿ. ಆಮೇಲೆ ವಿಶೇಷಾಂಕವನ್ನು ಇದುವರೆಗೆ ನೋಡಿರದವರಿಗೆ ಕೊಡಿ. ಬಾಯಿಬಿಟ್ಟು ಏನೂ ಹೇಳಿಕೊಡಬೇಡಿ, ಪಕ್ಕದಲ್ಲಿ ಕೂತು ಬೆರಳು ಎಲ್ಲಿ ತಡವರಿಸುತ್ತದೆ ನೋಡಿ ಬರೆದುಕೊಳ್ಳಿ. ಅದನ್ನು ಇಲ್ಲಿ ಹಾಕಿದರೆ ಮುಂದಿನದು ನೋಡೋಣ.