ಸಹಾಯ ಬೇಕು: ಕಾಲುದಾರಿಯ ಮೋರಿ ಪದೇ ಪದೇ ಕಟ್ಟಿಕೊಳ್ಳುತ್ತಿದೆ

ಹಳ್ಳದ ಪಕ್ಕದ ಸಾರ್ವಜನಿಕ ಕಾಲುದಾರಿ, ಅಡ್ಡಲಾಗಿ 450 ಮಿ.ಮೀ. ಸಿಮೆಂಟ್ ಪೈಪಿನ ಮೋರಿ. ಜೋರು ಮಳೆ ಬಂದರೆ ಮೊದಲು ಕವಲೊಡೆದ ಕೊಂಬೆಯೊಂದು ಪೈಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಎಲೆ, ಪ್ಲಾಸ್ಟಿಕ್ ಚೀಲ ಮೆತ್ತಿಕೊಂಡು ಬಾಯಿ ಬಂದ್. ಆಮೇಲೆ ನೀರು ದಾರಿ ಮೇಲೇ ಹರಿದು ಕೆಳಮಗ್ಗುಲ ಮಣ್ಣು ಕೊರೆಯುತ್ತದೆ. ಬಾಯಿಗೇ ಜಾಲರಿ ಹಾಕಿದ್ದು ತಪ್ಪು, ಪೈಪಿನಲ್ಲಿ ಸಾಗಿಹೋಗುತ್ತಿದ್ದ ಸಣ್ಣ ಕಸವೂ ಅಲ್ಲೇ ನಿಂತಿತು.

ಈಗ ಎರಡು ಯೋಚನೆ. ನೀರು ಬರುವ ಕಡೆ, ಪೈಪಿಗಿಂತ 2 ಮೀಟರ್ ಮೊದಲೇ, ಕೊಂಬೆ ತಡೆಯಲು ಓರೆಯಾಗಿ ಕಂಬಿ ನೆಡುವುದು, ಇಲ್ಲವೇ ಪೈಪನ್ನೇ ಕಿತ್ತು, ನಡು ತಗ್ಗಿರುವ ಕಲ್ಲುಹಾಸು ಮಾಡಿ ನೀರನ್ನು ಮೇಲೆಯೇ ದಾಟಿಸುವುದು. ಎರಡನೆಯದೇ ವಾಸಿ ಅನ್ನಿಸುತ್ತದೆ (ನೆರೆ ದಿನ ದಾರಿ ಮುಚ್ಚಬೇಕು, ಅದು ಹೇಗೂ ಇದ್ದದ್ದೇ). ಆದರೆ ಕೆಳಅಂಚಿನ ಕಲ್ಲು ಎಷ್ಟು ಆಳ ಹೂತರೆ ಬುಡ ಕೊರೆಯದೆ ನಿಲ್ಲುತ್ತದೆ? ಮಾಡಿ ನೋಡಿದವರು ಅಳತೆ, ಫೋಟೋ ಹಾಕಿ.